ಬಂಡೆಯ ಬಣ್ಣದ ಪತಂಗ

ಈ ಬಂಡೆಯ ಮೇಲೆ ಒಂದು ಪತಂಗ ಕುಳಿತಿದೆ. ಕ್ಯಾಮೆರಾವನ್ನು ಅಲುಗಿಸದೆ ಹಿಡಿದಿದ್ದೇನೆ, ಹುಡುಕಿ ನೋಡಿ. ಎಡಗಡೆ, ಬಿರುಕಿನ ಸ್ವಲ್ಪ ಕೆಳಗೆ. ನಾಲ್ಕೂ ರೆಕ್ಕೆಗಳನ್ನು ಚಪ್ಪಟೆಯಾಗಿ ಹರಡಿ ಕಲ್ಲಿಗೆ ಅಂಟಿಕೊಂಡುಬಿಟ್ಟಿದೆ. ಬೂದು ಬಣ್ಣ, ಅದರ ಮೇಲೆ ಅಲೆಯಲೆಯಾದ ಸಣ್ಣ ಗೆರೆಗಳು. ಈಗ ಹತ್ತಿರಕ್ಕೆ ಹೋಗುತ್ತೇನೆ. ಮುಂದಿನ ರೆಕ್ಕೆಯ ಗೆರೆ ಹಿಂದಿನ ರೆಕ್ಕೆಯಲ್ಲಿಯೂ ಕಡಿಯದೆ ಮುಂದುವರಿದಿದೆ ನೋಡಿ, ಎಷ್ಟು ಅಚ್ಚುಕಟ್ಟು!

ನಾವಿರುವುದು ಬಳ್ಳಾರಿ ಜಿಲ್ಲೆಯ ಸಂಡೂರಿನ ಬೆಟ್ಟದಲ್ಲಿ. ಮಳೆ ಬಿದ್ದ ಮೇಲೆ ಜನ ಇಲ್ಲಿಗೆ ಕುಮಾರಸ್ವಾಮಿಯ ದರ್ಶನಕ್ಕೆ, ಹಸಿರು ನೋಡುವುದಕ್ಕೆ ಬರುತ್ತಾರೆ. ನಾನು ಬಂದಿರುವುದು ಈ ಬೂದು ಪತಂಗಗಳಿಗಾಗಿ. ಬಣ್ಣದ ಚಿಟ್ಟೆಗೆ ಎಲ್ಲರ ಮೊಬೈಲೂ ಮೇಲೇಳುತ್ತದೆ, ಇವುಗಳ ಕಡೆಗೆ ಯಾರೂ ತಿರುಗುವುದಿಲ್ಲ ಎಂಬುದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಇವು ಜಿಯೋಮೆಟ್ರಿಡೇ ಕುಟುಂಬದವು. ಜಗತ್ತಿನಲ್ಲಿ ಈ ಕುಟುಂಬದ 23,000ಕ್ಕೂ ಹೆಚ್ಚು ಪ್ರಭೇದಗಳಿವೆ. ಇವುಗಳ ಮರಿಹುಳುವನ್ನು ನೀವು ಖಂಡಿತ ನೋಡಿರುತ್ತೀರಿ. ಮುಂದೆ ಮೂರು ಜೊತೆ ಕಾಲು, ಹಿಂದೆ ಸಾಮಾನ್ಯವಾಗಿ ಎರಡೇ ಜೊತೆ, ನಡುವೆ ಏನೂ ಇಲ್ಲ. ಹಾಗಾಗಿ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಗೇಣು ಹಾಕುತ್ತಾ ಸಾಗುತ್ತದೆ. ಗಾಬರಿಯಾದರೆ ಹಿಂದಿನ ಕಾಲುಗಳಿಂದ ರೆಂಬೆಯನ್ನು ಹಿಡಿದು ಸೆಟೆದು ನಿಲ್ಲುತ್ತದೆ. ಆಗ ಅದು ಹುಳುವೋ ಕಡ್ಡಿಯೋ ಹಕ್ಕಿಗೂ ತಿಳಿಯದು.

ಇದೇ ಕುಟುಂಬದ ಒಂದು ಪತಂಗದ ಹೆಸರೇ ಗ್ರೇ ಮೌಂಟೇನ್ ಕಾರ್ಪೆಟ್. ವೈಜ್ಞಾನಿಕ ಹೆಸರು ಎಂಟೆಫ್ರಿಯಾ ಸೀಸಿಯಾಟಾ, 1775ರಲ್ಲಿ ಇಟ್ಟದ್ದು. ಸ್ಕಾಟ್ಲೆಂಡಿನ ಬೋಳು ಗುಡ್ಡಗಳಲ್ಲಿ, ಯುರೋಪಿನ ತಣ್ಣನೆಯ ಬೆಟ್ಟಗಳಲ್ಲಿ ಅದರ ವಾಸ. ಹಗಲೆಲ್ಲ ಬಂಡೆಗೆ ಅಂಟಿಕೊಂಡಿದ್ದು, ಯಾರಾದರೂ ಹತ್ತಿರ ಬಂದರೆ ಹಾರಿ ಇನ್ನೊಂದು ಕಡೆ ಕುಳಿತು ಮಾಯವಾಗುತ್ತದೆ. ಮರಿಹುಳು ಹೆದರ್, ಬಿಲ್‌ಬೆರಿ ಎಂಬ ಕುರುಚಲು ಗಿಡಗಳ ಎಲೆ ತಿನ್ನುತ್ತದೆ. ಅಲ್ಲಿಯ ಘೋರ ಚಳಿಗಾಲವನ್ನು ಹುಳುವಾಗಿಯೇ ಕಳೆಯುತ್ತದೆ. ಅದರ ಹತ್ತಿರದ ಬಂಧುಗಳು ಹೆಚ್ಚಾಗಿ ತಂಪನ್ನು ಬಯಸುವಂಥವು. ನಮ್ಮ ದೇಶದಲ್ಲಿ ಅವುಗಳ ವೈವಿಧ್ಯವನ್ನು ನೋಡಬೇಕೆಂದರೆ ಹಿಮಾಲಯಕ್ಕೆ ಹೋಗಬೇಕು. ಬಳ್ಳಾರಿಯ ಬಿಸಿಲಿನಂಥ ಬಿಸಿಲನ್ನು ತಾಳುವುದು ಇದೇ ಕುಟುಂಬದ ಬೇರೆ ಕವಲುಗಳು: ಸ್ಕೋಪುಲಾ, ಜಾಲಿಯಂಥ ಮರಗಳ ಎಲೆ ತಿಂದು ಬೆಳೆಯುವ ಕಿಯಾಸ್ಮಿಯಾ, ಇನ್ನೂ ಹಲವು.

ಈಗ ರಾತ್ರಿಯ ದೃಶ್ಯ. ಎರಡು ಕೋಲುಗಳ ನಡುವೆ ಬಿಳಿ ಧೋತರ ಕಟ್ಟಿ ಮುಂದೆ ದೀಪ ಇಟ್ಟಿದ್ದೇನೆ. ದೀಪದ ಮೋಹಕ್ಕೆ ಬಿದ್ದು ಸಾಯುವ ಹುಳು ಎಂದು ಪತಂಗವನ್ನು ನಮ್ಮ ಕಡೆ ಎಷ್ಟು ಪದಗಳಲ್ಲಿ ಹಾಡಿದ್ದಾರೋ! ಆದರೆ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯೇ ಕಾರಣ ಹೇಳುತ್ತದೆ. ಹಾರುವ ಕೀಟ ತನ್ನ ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತದೆ, ಏಕೆಂದರೆ ಇರುಳಲ್ಲಿಯೂ ನೆಲಕ್ಕಿಂತ ಆಕಾಶವೇ ಬೆಳಕಾಗಿರುತ್ತದೆ. ಪಕ್ಕದಲ್ಲಿ ದೀಪವಿದ್ದರೆ ಅದರ ಮೇಲು ಕೆಳಗಿನ ಲೆಕ್ಕವೇ ತಪ್ಪಿ, ಸುತ್ತುತ್ತಲೇ ಇರುತ್ತದೆ. ಅದಕ್ಕೇ ನಾನು ದೀಪವನ್ನು ಹೆಚ್ಚು ಹೊತ್ತು ಉರಿಸುವುದಿಲ್ಲ. ಬೆಳಗಿನವರೆಗೆ ಉರಿಸಿದರೆ ಬಟ್ಟೆಯ ಮೇಲಿರುವುದೆಲ್ಲ ಕಾಜಾಣದ ಪಾಲು.

ಈ ಕುಟುಂಬದ ಇನ್ನೊಬ್ಬ ಸದಸ್ಯನ ಕತೆಯನ್ನು ಹೇಳಲೇಬೇಕು. ಇಂಗ್ಲೆಂಡಿನ ಪೆಪ್ಪರ್ಡ್ ಮಾತ್, ಬಿಸ್ಟನ್ ಬೆಟುಲೇರಿಯಾ. ಬಿಳಿಯ ಮೇಲೆ ಕಪ್ಪು ಚುಕ್ಕೆ, ಕಲ್ಲುಹೂವು ಬೆಳೆದ ಮರದ ತೊಗಟೆಯ ಮೇಲೆ ಕುಳಿತರೆ ಕಾಣುವುದೇ ಇಲ್ಲ. ಮ್ಯಾಂಚೆಸ್ಟರ್‌ನಲ್ಲಿ 1848ರಲ್ಲಿ ಒಂದು ಪೂರಾ ಕಪ್ಪು ಪತಂಗ ಸಿಕ್ಕಿತು. ಕಾರ್ಖಾನೆಗಳ ಕಲ್ಲಿದ್ದಲ ಮಸಿ ಮರಗಳನ್ನು ಕಪ್ಪಾಗಿಸಿತ್ತು, ಕಲ್ಲುಹೂವು ಸತ್ತಿತ್ತು. ಬಿಳಿ ಪತಂಗಗಳು ಹಕ್ಕಿಗಳ ಕಣ್ಣಿಗೆ ಬಿದ್ದವು, ಕಪ್ಪು ಪತಂಗಗಳು ಉಳಿದವು. 1895ರ ಹೊತ್ತಿಗೆ ಅಲ್ಲಿ ನೂರಕ್ಕೆ ಸುಮಾರು 98 ಕಪ್ಪು! 1956ರಲ್ಲಿ ಹೊಗೆಯನ್ನು ತಡೆಯುವ ಕಾನೂನು ಬಂತು. ಗಾಳಿ ತಿಳಿಯಾದಂತೆ ಬಿಳಿಯವು ಮತ್ತೆ ಹೆಚ್ಚಿದವು. 2016ರಲ್ಲಿ ವಿಜ್ಞಾನಿಗಳು ಆ ಕಪ್ಪಿಗೆ ಕಾರಣವಾದ ವಂಶವಾಹಿ ಬದಲಾವಣೆಯನ್ನೇ ಗುರುತಿಸಿದರು. ಅದು 1819ರ ಸುಮಾರಿಗೆ ಹುಟ್ಟಿರಬೇಕೆಂಬುದು ಅವರ ಅಂದಾಜು.

ಇದೆಲ್ಲ ನಮಗೆ ತಿಳಿದದ್ದು ಹೇಗೆ? ಅಲ್ಲಿಯ ಹವ್ಯಾಸಿಗಳು ಸಾಮಾನ್ಯ ಪತಂಗಗಳನ್ನೂ ಬಿಡದೆ ಸಂಗ್ರಹಿಸಿ, ಊರು ಮತ್ತು ದಿನಾಂಕ ಬರೆದಿಟ್ಟಿದ್ದರು.

ಈಗ ಸಂಡೂರಿಗೆ ಬನ್ನಿ. ಅದಿರು ಲಾರಿಗಳು ಸಾಲುಗಟ್ಟಿದ್ದ ವರ್ಷಗಳು ಈ ಭಾಗದವರಿಗೆಲ್ಲ ನೆನಪಿವೆ. ರಸ್ತೆ, ಎಲೆ, ಮನೆಯ ಮಾಳಿಗೆ, ಒಣಹಾಕಿದ ಬಟ್ಟೆ, ಎಲ್ಲವೂ ಕೆಂಪು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಆಮೇಲೆ ಷರತ್ತುಗಳೊಂದಿಗೆ ಮತ್ತೆ ಶುರುವಾಯಿತು. ಆ ಕೆಂಪು ಧೂಳಿನ ಎಲೆಗಳ ಮೇಲೆ ಬೂದು ಪತಂಗಗಳು ಹೇಗೆ ಬದುಕಿದವು? ಆಗ ಯಾರಾದರೂ ಊರೂರಿನಲ್ಲಿ ಫೋಟೊ ತೆಗೆದು ದಿನಾಂಕ ಹಾಕಿಟ್ಟಿದ್ದರೆ ಎಂದು ಈ ಧೋತರದ ಮುಂದೆ ನಿಂತಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಮನೆಯ ಗೋಡೆಯ ಮೇಲೋ ಹೊಲದ ಬದುವಿನ ಕಲ್ಲಿನ ಮೇಲೋ ಇಂಥ ಪತಂಗ ಕಂಡರೆ, ನೇರವಾಗಿ ಮೇಲಿನಿಂದ ಒಂದು ಫೋಟೊ ತೆಗೆಯಿರಿ. ರೆಕ್ಕೆಯ ಗೆರೆಗಳೆಲ್ಲ ಕಾಣಬೇಕು. ಮುಟ್ಟಬೇಡಿ, ರೆಕ್ಕೆಯ ಹುಡಿ ಉದುರುತ್ತದೆ. ಫೋಟೊದಿಂದಲೇ ಪ್ರಭೇದವನ್ನು ಹೇಳುವುದು ಎಷ್ಟೋ ಬಾರಿ ಆಗುವುದಿಲ್ಲ, ಪರವಾಗಿಲ್ಲ, ಊರು ಮತ್ತು ದಿನಾಂಕ ಇರಲಿ. ಆನೆಗೊಂದಿ, ಗಂಗಾವತಿಯ ಕಡೆಯವರೇ, ನಿಮ್ಮ ಕೊಪ್ಪಳ ಜಿಲ್ಲೆಯ ಗುಡ್ಡಗಳು ಗ್ರಾನೈಟಿನವು, ಇಲ್ಲಿಯವು ಕಬ್ಬಿಣದ ಅದಿರಿನವು. ಎರಡೂ ಕಡೆಯ ಪತಂಗಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಆಸೆ ನನಗಿದೆ. ಪತಂಗವನ್ನಷ್ಟೇ ದೊಡ್ಡದು ಮಾಡಿ ಕತ್ತರಿಸಬೇಡಿ, ಅದು ಕುಳಿತ ಕಲ್ಲಿನ ಬಣ್ಣವೂ ಫೋಟೊದಲ್ಲಿ ಬರಲಿ.