ಮೊದಲು ಅಳತೆ, ಆಮೇಲೆ ದುಡ್ಡು: ಮನೆಯಲ್ಲೇ ಪುಟ್ಟ ಗೇಮಿಂಗ್ ಪಿಸಿ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲೇ ಗೇಮಿಂಗ್ ಪಿಸಿ ಜೋಡಿಸುವ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ಅದರಲ್ಲೂ ಪುಟ್ಟ ಪಿಸಿ. ಮೇಜಿನ ಮೂಲೆಯಲ್ಲಿ ಕೂರುವಂಥದ್ದು, ಬ್ಯಾಗಿಗೆ ಹಾಕಿಕೊಂಡು ಬಸ್ಸಿನಲ್ಲಿ ಊರಿಗೆ ಒಯ್ಯಬಹುದಾದದ್ದು. ಪರೀಕ್ಷೆ ಮುಗಿಸಿ ಅಪ್ಪನ ಬೆನ್ನು ಹತ್ತಿರುವ ಹುಡುಗ ಹುಡುಗಿಯರು ಕೇಳುತ್ತಿರಬಹುದು. ಬೆಂಗಳೂರಿನ ಪಿಜಿಯಲ್ಲಿ ಒಂದು ಮಂಚ, ಒಂದು ಮೇಜು, ಅಷ್ಟರಲ್ಲೇ ಇರುವವರು ಕೇಳುತ್ತಿರಬಹುದು. ‘ಆಟ ಆಡೋದಕ್ಕೆ ಇಷ್ಟೊಂದು ದುಡ್ಡಾ’ ಎನ್ನುವ ಅಪ್ಪ ಅಮ್ಮಂದಿರೂ ಇದ್ದೀರಿ. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಆ ದುಡ್ಡು ಹಾಳಾಗದ ಹಾಗೆ ನೋಡಿಕೊಳ್ಳುವುದು ಹೇಗೆ ಎಂದು ಹೇಳಬಲ್ಲೆ.

ನನ್ನನ್ನು ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ. ‘ಸರ್, ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?’ ನಾನು ತಿರುಗಿ ಕೇಳುವುದೂ ಒಂದೇ. ‘ನಿಮ್ಮ ಕ್ಯಾಬಿನೆಟ್ ಒಳಗೆ ಎಷ್ಟು ಮಿಲಿಮೀಟರ್ ಜಾಗ ಇದೆ?’ ಅಲ್ಲಿಗೆ ಮಾತು ನಿಂತುಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಅಂದರೆ ಆಟದ ಚಿತ್ರಗಳನ್ನು ತೆರೆಗೆ ತರುವ ಭಾಗ, ಕ್ಯಾಬಿನೆಟ್ ಅಂದರೆ ಎಲ್ಲ ಸಾಮಾನು ಕೂರುವ ಡಬ್ಬ. ಇವತ್ತಿನ ನನ್ನ ಮಾತೆಲ್ಲ ಇಷ್ಟೇ: ಮೊದಲು ಅಳತೆ, ಆಮೇಲೆ ದುಡ್ಡು. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಪುಟ್ಟದು ಅಂದರೆ ಎಷ್ಟು ಪುಟ್ಟದು? ಕ್ಯಾಬಿನೆಟ್ಟನ್ನು ಲೀಟರಿನಲ್ಲಿ ಅಳೆಯುತ್ತಾರೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ, ಸಾವಿರದಿಂದ ಭಾಗಿಸಿ. ಅದೇ ಲೀಟರ್. ಮಾಮೂಲಿ ಟವರ್ ಕ್ಯಾಬಿನೆಟ್ 40, 50 ಲೀಟರ್ ಇರುತ್ತದೆ. 20 ಲೀಟರಿನ ಒಳಗಿದ್ದರೆ ನಾವು ಅದನ್ನು ಪುಟ್ಟದು ಅನ್ನುತ್ತೇವೆ. 2020ರಲ್ಲಿ ಬಂದ ಕೂಲರ್ ಮಾಸ್ಟರ್ ಎನ್‌ಆರ್200 ಅಂತ ಒಂದಿದೆ, 18.25 ಲೀಟರ್. ಹೊಸಬರಿಗೆ ಒಳ್ಳೆಯದು, ಕೈ ಆಡಿಸಲು ಒಳಗೆ ಜಾಗ ಇದೆ. ಜರ್ಮನಿಯ ಡ್ಯಾನ್ ಕೇಸಸ್ ಎಂಬ ಪುಟ್ಟ ಕಂಪನಿ ಎ4 ಅಂತ ಒಂದನ್ನು ಮಾಡಿತು, 7.2 ಲೀಟರ್ ಅಷ್ಟೇ. ಅದರೊಳಗೆ ಪೂರ್ತಿ ಗೇಮಿಂಗ್ ಪಿಸಿ! ನೋಡಿದರೆ ಈಗಲೂ ಖುಷಿಯಾಗುತ್ತದೆ ನನಗೆ. ಆದರೆ ಮೊದಲ ಸಲ ಕೈ ಹಾಕುವವರು ಅಷ್ಟು ಚಿಕ್ಕದಕ್ಕೆ ಹೋಗಬೇಡಿ. ಹದಿನೈದರ ಮೇಲೆ, ಇಪ್ಪತ್ತರ ಒಳಗೆ ಇರಲಿ.

ಒಳಗಿನ ಸಾಮಾನಿನಲ್ಲಿ ಕೆಲವಕ್ಕೆ ಅಳತೆ ಮೊದಲೇ ಗಟ್ಟಿಯಾಗಿದೆ. ಮದರ್‌ಬೋರ್ಡ್ ಅಂದರೆ ಎಲ್ಲ ಭಾಗಗಳೂ ಕೂರುವ ಬೋರ್ಡು. ಅದು ಮಿನಿ ಐಟಿಎಕ್ಸ್ ಆಗಿರಬೇಕು. 2001ರಲ್ಲಿ ತೈವಾನಿನ ವಿಐಎ ಕಂಪನಿ ತಂದ ಅಳತೆ ಇದು. 17 ಸೆಂಟಿಮೀಟರ್ ಉದ್ದ, 17 ಅಗಲ, ಸರಿಯಾದ ಚೌಕ. ಅದಕ್ಕೂ ಮುಂಚೆ 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಬೋರ್ಡು 30.5 ಸೆಂಟಿಮೀಟರ್ ಉದ್ದ, 24.4 ಅಗಲ. ಪುಟ್ಟ ಬೋರ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಸ್ಲಾಟ್, ರ‍್ಯಾಮಿಗೆ ಎರಡೇ ಸ್ಲಾಟ್. ಸಾಕು. ಆಟಕ್ಕೆ ಅದಕ್ಕಿಂತ ಜಾಸ್ತಿ ಬೇಡ. ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ, ಎಸ್‌ಎಫ್‌ಎಕ್ಸ್ ಅಳತೆಯದು ತಗೊಳ್ಳಿ. ಮಾಮೂಲಿಯದು 15 ಸೆಂಟಿಮೀಟರ್ ಅಗಲ, 8.6 ದಪ್ಪ. ಎಸ್‌ಎಫ್‌ಎಕ್ಸ್ 12.5 ಅಗಲ, 6.35 ದಪ್ಪ, 10 ಉದ್ದ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇಲ್ಲಿ ಸಾಮಾನು ಚಿಕ್ಕದಾದಷ್ಟೂ ಬೆಲೆ ಜಾಸ್ತಿ. ಚಿಕ್ಕದು ಅಂದರೆ ಅಗ್ಗ ಅಂದುಕೊಂಡು ಅಪ್ಪನಿಗೆ ಲೆಕ್ಕ ಕೊಡಬೇಡಿ.

ಅಳತೆ ಗಟ್ಟಿಯಿಲ್ಲದ್ದು ಯಾವುದು? ಗ್ರಾಫಿಕ್ಸ್ ಕಾರ್ಡ್. ಒಂದೇ ಚಿಪ್ಪನ್ನು ಒಂದು ಕಂಪನಿ ಎರಡು ಫ್ಯಾನ್ ಹಾಕಿ ಗಿಡ್ಡಕ್ಕೆ ಮಾಡುತ್ತದೆ, ಇನ್ನೊಂದು ಮೂರು ಫ್ಯಾನ್ ಹಾಕಿ ಉದ್ದಕ್ಕೆ ಎಳೆಯುತ್ತದೆ. ಹೆಸರು ಒಂದೇ, ಅಳತೆ ಬೇರೆ. ಎಲ್ಲರೂ ಮುಗ್ಗರಿಸುವುದು ಇಲ್ಲೇ.

ದಾವಣಗೆರೆಗೆ ನೆಂಟರ ಮದುವೆಗೆ ಹೋಗಿದ್ದೆ. ಕಂಪ್ಯೂಟರ್ ಗೊತ್ತಿರುವವನು ಬಂದಿದ್ದಾನೆ ಅಂದರೆ ಮದುವೆ ಮನೆಯಲ್ಲಿ ಬಿಡುತ್ತಾರೆಯೇ? ಊಟ ಮುಗಿಸಿ ಎಲೆ ಅಡಿಕೆ ಬಾಯಿಗೆ ಹಾಕುವಷ್ಟರಲ್ಲಿ ಒಬ್ಬ ಹುಡುಗ ಬಂದು ನಿಂತ. ಇಂಜಿನಿಯರಿಂಗ್ ಓದುತ್ತಿದ್ದಾನೆ. ‘ಸರ್, ಮನೆ ಇಲ್ಲೇ ಹಿಂದಿನ ಬೀದಿ. ಹೊಸಾ ಪಿಸಿ, ಸ್ವಲ್ಪ ಪ್ರಾಬ್ಲಂ ಆಗಿದೆ, ಬಂದು ನೋಡ್ತೀರಾ?’ ಹೋದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್, ಗೋಡೆ ತುಂಬಾ ಬ್ಲೌಸುಗಳು ನೇತಾಡುತ್ತಿವೆ. ಅವನ ತಾಯಿ ಟೈಲರಿಂಗ್ ಮಾಡುತ್ತಾರೆ. ‘ಬರ್ರಿ ಅಣ್ಣಾ, ಇವ್ನು ಏನ್ ಮಾಡ್ಕಂಡಾನೆ ನೋಡ್ರಿ’ ಅಂದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

ಒಳಗೆ ಮಂಚದ ಮೇಲೆ ಎಲ್ಲ ಹರಡಿಕೊಂಡಿದ್ದಾನೆ. ಹನ್ನೆರಡು ಲೀಟರಿನ ಚೆಂದದ ಬಿಳಿ ಕ್ಯಾಬಿನೆಟ್. ಒಳ್ಳೆಯ ಬೋರ್ಡು, ಒಳ್ಳೆಯ ಪ್ರೊಸೆಸರ್. ಮತ್ತೆ ಮೂರು ಫ್ಯಾನಿನ ದೊಡ್ಡ ಗ್ರಾಫಿಕ್ಸ್ ಕಾರ್ಡ್. ಹುಡುಗ ದಡ್ಡನಲ್ಲ. ಯಾವ ಆಟಕ್ಕೆ ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಬರುತ್ತದೆ, ಯಾವ ಕಾರ್ಡಿನ ಬೆಲೆ ಯಾವ ತಿಂಗಳು ಇಳಿಯಿತು, ಎಲ್ಲ ಬಾಯಿಪಾಠ. ಕಾರ್ಡು ಮಾತ್ರ ಒಳಗೆ ಹೋಗುತ್ತಿಲ್ಲ. ಓರೆ ಮಾಡಿ ನೋಡಿದ್ದಾನೆ, ತಿರುಗಿಸಿ ನೋಡಿದ್ದಾನೆ, ಒತ್ತಿಯೂ ನೋಡಿದ್ದಾನೆ. ಒಂದು ಮೂಲೆ ತರಚಿತ್ತು. ‘ಸರ್, ಈ ತಗಡನ್ನ ವೆಲ್ಡಿಂಗ್ ಶಾಪಲ್ಲಿ ಕಟ್ ಮಾಡಿಸಲಾ?’ ಎಂದು ಬೇರೆ ಕೇಳಿದ!

ನಾನು ಬಾಯಿ ಬಿಡುವ ಮುಂಚೆ ಆ ತಾಯಿ ಟೇಪು ತೆಗೆದರು. ಕಾರ್ಡಿನ ಮೇಲೆ ಇಟ್ಟರು. ಹದಿಮೂರೂಕಾಲು ಇಂಚು. ಕ್ಯಾಬಿನೆಟ್ ಒಳಗೆ ಇಟ್ಟರು. ಹನ್ನೆರಡೂಕಾಲು. ‘ಒಂದಿಂಚು ಜಾಸ್ತಿ ಐತಲ್ಲೋ. ತಗಳೋವಾಗ ಅಳತೆ ನೋಡಿದ್ಯೇನು?’ ಹುಡುಗ ನೆಲ ನೋಡಿದ. ‘ಒಂದು ಬ್ಲೌಸಿಗೆ ನಾನು ಹತ್ತು ಕಡೆ ಅಳತೆ ತಗಳ್ತೀನಿ. ನೀನು ಇಷ್ಟು ರೊಕ್ಕ ಹಾಕಿ ಒಂದು ಕಡೆನೂ ತಗಂಡಿಲ್ಲ.’ ನಾನು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಕ್ಯಾಬಿನೆಟ್ಟಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು, ಕಾರ್ಡ್ 310 ಮಿಲಿಮೀಟರ್ ಮೀರಬಾರದು ಎಂದು. ಕಾರ್ಡಿನ ಡಬ್ಬದ ಮೇಲೂ ಇತ್ತು, 336 ಎಂದು. ಎರಡು ಡಬ್ಬ ಅಕ್ಕಪಕ್ಕ ಇಟ್ಟು ಓದಿದ್ದರೆ ಮುಗಿದಿತ್ತು.

ಆನ್‌ಲೈನಿನಲ್ಲಿ ತರಿಸಿದ್ದು. ಪ್ಯಾಕಿಂಗ್ ಒಡೆದಿದೆ, ವಾಪಸ್ ತಗೊಳ್ಳುವುದಿಲ್ಲ ಎಂದರಂತೆ. ಕೊನೆಗೆ ದೊಡ್ಡ ಕ್ಯಾಬಿನೆಟ್ ಇದ್ದ ಗೆಳೆಯನಿಗೆ ಅದನ್ನು ಕೊಟ್ಟು, ಅವನ ಹತ್ತಿರ ಇದ್ದ ಎರಡು ಫ್ಯಾನಿನ ಕಾರ್ಡು ತಗೊಂಡ. ಸ್ವಲ್ಪ ಲಾಸ್ ಆಯಿತು. 25 ಸೆಂಟಿಮೀಟರಿನ ಕಾರ್ಡು, ಸಲೀಸಾಗಿ ಕೂತಿತು. ಕಥೆ ಮುಗಿಯಿತು ಅಂದುಕೊಂಡಿರಾ? ಇಲ್ಲ. ವಿಡಿಯೋ ಕಾಲ್ ಮಾಡಿದ. ‘ಸರ್, ಸೈಡಿನ ಮುಚ್ಚಳ ಮುಚ್ಚುತ್ತಿಲ್ಲ.’ ನೋಡಿದರೆ ಕಾರ್ಡಿನ ನೆತ್ತಿಯ ಮೇಲೆ ಕರೆಂಟಿನ ಪ್ಲಗ್ಗು. ಅದಕ್ಕೆ ಚುಚ್ಚಿದ ದಪ್ಪ ಕೇಬಲ್ಲು ಬಾಗಲು ಜಾಗವಿಲ್ಲ, ಮುಚ್ಚಳಕ್ಕೆ ಒತ್ತುತ್ತಿದೆ. ಹಿಂದಿನಿಂದ ತಾಯಿಯ ದನಿ ಕೇಳಿಸಿತು. ‘ಹೊಲಿಗೆಗೆ ಬಟ್ಟೆ ಬಿಟ್ಟಿಲ್ಲ ಇವ್ನು!’

ಈ ಮಾತನ್ನು ನಾನು ಆಮೇಲೆ ಎಷ್ಟು ಜನಕ್ಕೆ ಹೇಳಿದ್ದೇನೋ. ಅಳತೆ ಅಂದರೆ ಬರೀ ಸಾಮಾನಿನ ಅಳತೆ ಅಲ್ಲ, ಹೊಲಿಗೆಗೆ ಬಿಡುವ ಬಟ್ಟೆಯೂ ಸೇರಿ. ಕಾರ್ಡಿನ ಉದ್ದ ನೋಡಿ. ದಪ್ಪ ನೋಡಿ, ಎರಡು ಸ್ಲಾಟಿನದೋ ಮೂರು ಸ್ಲಾಟಿನದೋ, ಅಂದರೆ ಕ್ಯಾಬಿನೆಟ್ಟಿನ ಹಿಂದೆ ಎಷ್ಟು ಕಿಂಡಿಯ ಜಾಗ ಹಿಡಿಯುತ್ತದೆ ಎಂದು. ಎತ್ತರ ನೋಡಿ, ಅದರ ಮೇಲೆ ಕೇಬಲ್ಲಿಗೆ ಮೂರು ನಾಲ್ಕು ಸೆಂಟಿಮೀಟರ್ ಬಿಡಿ. ದುಬಾರಿ ಕಾರ್ಡುಗಳಲ್ಲಿ ಈಗ ಹೊಸ ಬಗೆಯ ಒಂದೇ ಪ್ಲಗ್ಗು ಬರುತ್ತದಲ್ಲ, ಅದರ ಕೇಬಲ್ಲನ್ನು ಪ್ಲಗ್ಗಿನ ಬುಡದಲ್ಲೇ ಬಗ್ಗಿಸಬೇಡಿ. ಮೂರೂವರೆ ಸೆಂಟಿಮೀಟರ್ ನೆಟ್ಟಗೆ ಬಂದ ಮೇಲೆ ಬಗ್ಗಿಸಿ. ಪೂರ್ತಿ ಒಳಗೆ ಕೂರದೆ ಆ ಪ್ಲಗ್ಗು ಕರಗಿದ ಉದಾಹರಣೆಗಳಿವೆ. ಆ ಹುಡುಗನಿಗೆ ಅವನ ಎಸ್‌ಎಂಪಿಎಸ್ ಕಂಪನಿಯದೇ ತೆಳು ಕೇಬಲ್ ತರಿಸಿಕೋ ಎಂದೆ. ಮುಚ್ಚಳ ಕೂತಿತು. ಕಂಪನಿಯದೇ ಅಂದದ್ದು ಸುಮ್ನೆ ಅಲ್ಲ. ಒಂದು ಎಸ್‌ಎಂಪಿಎಸ್ಸಿನ ಕೇಬಲ್ಲನ್ನು ಇನ್ನೊಂದಕ್ಕೆ ಯಾವತ್ತೂ ಹಾಕಬೇಡಿ. ಪಿನ್ನುಗಳು ಒಂದೇ ಥರ ಕಾಣುತ್ತವೆ, ಒಳಗಿನ ವೈರಿಂಗ್ ಬೇರೆ ಇರುತ್ತದೆ. ಸ್ವಿಚ್ ಹಾಕಿದ ಕೂಡಲೇ, ಫೈಲುಗಳನ್ನು ಇಡುವ ಎಸ್‌ಎಸ್‌ಡಿಯೋ ಬೋರ್ಡೋ ಸುಟ್ಟು ಹೋಗಬಹುದು.

ಗಡಿಯಾರ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಸಮಯ ಈ ಒಂದು ಕಾರ್ಡಿಗೇ ಹೋಯಿತು. ಹೋಗಲಿ, ಹೋಗಬೇಕಾದದ್ದೇ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಪ್ರೊಸೆಸರ್ ಮೇಲಿನ ಕೂಲರ್. ಅದಕ್ಕೂ ಅಳತೆ. ಟವರ್ ಕೂಲರ್ ಹದಿನೈದು, ಹದಿನಾರು ಸೆಂಟಿಮೀಟರ್ ಎತ್ತರ ಇರುತ್ತದೆ. ನಾಕ್ಟುವಾ ಕಂಪನಿಯ ಎಲ್9 ಕೂಲರ್ 37 ಮಿಲಿಮೀಟರ್ ಅಷ್ಟೇ. ಕ್ಯಾಬಿನೆಟ್ ಎಷ್ಟು ಬಿಡುತ್ತದೆ ನೋಡಿ ತಗೊಳ್ಳಿ. ಗಿಡ್ಡ ಕೂಲರ್ ಹಾಕಿದರೆ ಬಿಸಿಯಾಗುವ ಪ್ರೊಸೆಸರ್ ಬೇಡ. 65 ವ್ಯಾಟಿನ ಪ್ರೊಸೆಸರ್ ಆಟಕ್ಕೆ ಧಾರಾಳ. ಎಎಂಡಿಯ ರೈಜನ್ 5 7600 ಅಂಥದ್ದು. ಕಾರ್ಡಿನಲ್ಲೂ ಹಾಗೇ ನೋಡಿ. ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಕಾರ್ಡು 115 ವ್ಯಾಟ್ ತಿನ್ನುತ್ತದೆ, 4090 ಕಾರ್ಡು 450 ವ್ಯಾಟ್. ತಿಂದ ಕರೆಂಟೆಲ್ಲ ಕೊನೆಗೆ ನಿಮ್ಮ ಕೋಣೆಯ ಬಿಸಿಯೇ. ಮಡಿಕೇರಿಯಲ್ಲಿ ಹೊರಗೆ 22 ಡಿಗ್ರಿ ಇರುವಾಗ ರಾಯಚೂರಿನಲ್ಲಿ 42 ಇದ್ದರೆ, ಅದೇ ಪಿಸಿ ಅಲ್ಲಿ ಹೆಚ್ಚು ಕಡಿಮೆ 20 ಡಿಗ್ರಿ ಜಾಸ್ತಿ ಕಾಯುತ್ತದೆ. ಅಮೆರಿಕದವರೋ ಯುರೋಪಿನವರೋ ಎಸಿ ಕೋಣೆಯಲ್ಲಿ ಪರೀಕ್ಷೆ ಮಾಡಿ ಹಾಕಿದ ವಿಡಿಯೋ ನೋಡಿ, ಬಳ್ಳಾರಿ ಕಲಬುರಗಿಯಲ್ಲಿ ಅದನ್ನೇ ನಂಬಬೇಡಿ. ಬಯಾಸಿನಲ್ಲಿ, ಅಂದರೆ ಬೋರ್ಡಿನ ಸೆಟ್ಟಿಂಗ್ ತೆರೆಯಲ್ಲಿ, ಪ್ರೊಸೆಸರಿನ ವ್ಯಾಟ್ ಸ್ವಲ್ಪ ಇಳಿಸಿ. ಫ್ರೇಮ್ ಅಷ್ಟಾಗಿ ಇಳಿಯುವುದಿಲ್ಲ, ಬಿಸಿ ಮಾತ್ರ ಚೆನ್ನಾಗಿ ಇಳಿಯುತ್ತದೆ. ಕ್ಯಾಬಿನೆಟ್ಟನ್ನು ಟಿವಿ ಷೋಕೇಸಿನ ಒಳಗೆ ತುರುಕಬೇಡಿ, ಗೋಡೆಗೆ ಒತ್ತಿ ಇಡಬೇಡಿ. ಅಲ್ಲೂ ಅಳತೆಯೇ. ಸುತ್ತ ಒಂದು ಗೇಣು ಖಾಲಿ ಬಿಡಿ. ಬಣ್ಣ ಬಣ್ಣದ ದೀಪಕ್ಕೆ ಹಾಕುವ ದುಡ್ಡನ್ನು ಒಂದು ಒಳ್ಳೆಯ ಫ್ಯಾನಿಗೆ ಹಾಕಿ. ದೀಪ ಬೇಕೇ ಬೇಕು ಅಂದರೆ ದೀಪಾವಳಿಗೆ ಹಚ್ಚೋಣ.

ಕಾರ್ಡನ್ನು ಬೋರ್ಡಿನ ಬೆನ್ನಿಗೆ ಕೂರಿಸುವ ಕ್ಯಾಬಿನೆಟ್ ಆದರೆ ನಡುವೆ ಎರಡನ್ನೂ ಜೋಡಿಸುವ ರೈಸರ್ ಕೇಬಲ್ ಬರುತ್ತದೆ. ಅಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ: ಪಿಸಿ ಆನ್ ಆಗುತ್ತದೆ, ಫ್ಯಾನು ತಿರುಗುತ್ತದೆ, ತೆರೆ ಮಾತ್ರ ಕಪ್ಪು. ಕಾರ್ಡು ಕೆಟ್ಟಿದೆ ಎಂದು ಅಳುತ್ತಾರೆ. ಬಹಳ ಸಲ ಕೆಟ್ಟಿರುವುದಿಲ್ಲ. ಕಾರ್ಡು ಜೆನ್ 4, ಅಂದರೆ ನಾಲ್ಕನೇ ತಲೆಮಾರಿನ ವೇಗದ್ದು, ರೈಸರ್ ಜೆನ್ 3 ಇರುತ್ತದೆ. ರೈಸರ್ ಇಲ್ಲದೆ ಕಾರ್ಡನ್ನು ನೇರ ಬೋರ್ಡಿಗೆ ಚುಚ್ಚಿ ಬಯಾಸಿಗೆ ಹೋಗಿ, ಆ ಸ್ಲಾಟನ್ನು ಜೆನ್ 3 ಮಾಡಿ. ಆಮೇಲೆ ರೈಸರ್ ಹಾಕಿದರೂ ತೆರೆ ಬರುತ್ತದೆ.

ಜೋಡಿಸುವಾಗ ಆತುರ ಬೇಡ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಕೂಲರ್, ಇವನ್ನೆಲ್ಲ ಹೊರಗೇ ಬೋರ್ಡಿಗೆ ಹಾಕಿ. ಎಷ್ಟೋ ಮಿನಿ ಐಟಿಎಕ್ಸ್ ಬೋರ್ಡುಗಳಲ್ಲಿ ಎಸ್‌ಎಸ್‌ಡಿಯ ಒಂದು ಜಾಗ ಬೋರ್ಡಿನ ಹಿಂಭಾಗದಲ್ಲಿರುತ್ತದೆ. ಒಳಗೆ ಕೂರಿಸಿ ಸ್ಕ್ರೂ ಬಿಗಿದ ಮೇಲೆ ಅದು ನೆನಪಾದರೆ ಎಲ್ಲ ಬಿಚ್ಚಬೇಕು. ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲಿಟ್ಟು ಹೊರಗೇ ಒಮ್ಮೆ ಆನ್ ಮಾಡಿ ನೋಡಿ. ಆಮೇಲೆ ಕ್ಯಾಬಿನೆಟ್ಟಿಗೆ ಇಳಿಸಿ. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟಿಗೇ ಹಾಕಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದರೆ ಪಿಸಿಯನ್ನು ಬೈಯುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆ ಎಸ್.ಪಿ. ರೋಡಿಗೆ ಹೋಗಿಯೇ ತರುತ್ತೀರಾದರೆ ಒಳ್ಳೆಯದು. ಜೇಬಿನಲ್ಲಿ ಒಂದು ಚೀಟಿ ಇರಲಿ. ಕಾರ್ಡಿನ ಉದ್ದ, ದಪ್ಪ, ಎತ್ತರ, ಕೂಲರಿನ ಎತ್ತರ, ಎಸ್‌ಎಂಪಿಎಸ್ ಯಾವುದು, ಅಷ್ಟೇ ಬರೆದಿರಲಿ. ಒಂದು ಟೇಪೂ ಇರಲಿ. ‘ಆರಾಮಾಗಿ ಕೂರುತ್ತೆ ಸರ್’ ಎಂದು ಅಂಗಡಿಯವರು ಹೇಳಿದರೆ ನಕ್ಕು, ಟೇಪು ತೆಗೆಯಿರಿ. ಮೊದಲು ಅಳತೆ, ಆಮೇಲೆ ದುಡ್ಡು.

ಇನ್ನೊಂದೇ ಒಂದು. ಎಲ್ಲ ಜೋಡಿಸಿದಿರಿ, ಆನ್ ಮಾಡಿದಿರಿ, ಆಟ ತಡೆದು ತಡೆದು ಓಡುತ್ತಿದೆ. ಹಿಂದೆ ಬಗ್ಗಿ ನೋಡಿ. ಮಾನಿಟರಿನ ವೈರನ್ನು ಮದರ್‌ಬೋರ್ಡಿಗೆ ಚುಚ್ಚಿರುತ್ತೀರಿ. ಕಿತ್ತು, ಕೆಳಗಿರುವ ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ. ಬೇರೆ ಯಾವುದಕ್ಕೆ ಬೇಕಾದರೂ ಫೋನ್ ಮಾಡಿ, ಇದಕ್ಕೆ ಮಾತ್ರ ಮಾಡಬೇಡಿ. ನಮಸ್ಕಾರ.