ಮನೆಯಲ್ಲಿ ಮಿತವ್ಯಯ, ಕಚೇರಿಯಲ್ಲೇಕೆ ಉದಾಸೀನ?

[ದೃಶ್ಯ: ಶಿವಮೊಗ್ಗದ ಒಂದು ಕಚೇರಿ. ಊಟದ ಬಿಡುವು. ಖಾಲಿ ಕುರ್ಚಿಗಳ ಮೇಲೆ ಫ್ಯಾನ್ ತಿರುಗುತ್ತಿದೆ.]

ನಮಸ್ಕಾರ. ಮನೆಯಲ್ಲಿ ಬಚ್ಚಲಿನ ನೀರನ್ನು ಬಾಳೆಯ ಬುಡಕ್ಕೆ ಹರಿಸುವ, ಅಡಿಕೆ ಸಿಪ್ಪೆಯನ್ನೂ ಗೊಬ್ಬರದ ಗುಂಡಿಗೆ ಸೇರಿಸುವ ಮಲೆನಾಡಿನವರೇ ಕಚೇರಿಯಲ್ಲಿ ಫ್ಯಾನ್ ಆರಿಸದೆ ಊಟಕ್ಕೆ ಹೊರಡುವುದನ್ನು ನೀವು ನೋಡಿರಬಹುದು. ಇದು ತಿಳಿವಳಿಕೆಯ ಕೊರತೆಯೆಂದು ಭಾವಿಸಿ ಗೋಡೆಗೆ ಭಿತ್ತಿಪತ್ರ ಅಂಟಿಸುವುದು ರೂಢಿ. ಆದರೆ ಇಲ್ಲಿ ವಿಷಯ ಗೊತ್ತಿಲ್ಲದವರು ಯಾರೂ ಇಲ್ಲ.

ಮನೋವಿಜ್ಞಾನಿಗಳು ವ್ಯಕ್ತಿತ್ವವನ್ನು ಸಾಮಾನ್ಯವಾಗಿ ಐದು ಗುಣಗಳಲ್ಲಿ ಅಳೆಯುತ್ತಾರೆ. ಅವುಗಳಲ್ಲಿ ಹೊಸದಕ್ಕೆ ತೆರೆದ ಮನಸ್ಸಿಗೂ ಪರಿಸರ ಕಾಳಜಿಯ ನಡವಳಿಕೆಗೂ ನಂಟಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಕರ್ತವ್ಯನಿಷ್ಠೆಗೂ ನಂಟಿದೆ, ಆದರೆ ಪ್ರತಿ ಕಡತಕ್ಕೂ ಮೂರು ಪ್ರತಿ ಬೇಕೆಂಬ ನಿಯಮವಿದ್ದರೆ, ನಿಷ್ಠಾವಂತ ಗುಮಾಸ್ತರು ಅದನ್ನೂ ಅಷ್ಟೇ ಶ್ರದ್ಧೆಯಿಂದ ಪಾಲಿಸುತ್ತಾರೆ.

[ದೃಶ್ಯ: ಪ್ರಿಂಟರ್ ಪಕ್ಕದಲ್ಲಿ ಒಂದೇ ಬದಿ ಮುದ್ರಿಸಿದ ಹಾಳೆಗಳ ರಾಶಿ.]

ಹುಟ್ಟುಗುಣವನ್ನು ತಿದ್ದುವುದು ಕಷ್ಟ. 'ನಾನು ಎಂಥವನು' ಎಂಬ ಸ್ವಂತ ಕಲ್ಪನೆ ಮಾತ್ರ ಅಷ್ಟು ಗಟ್ಟಿಯಲ್ಲ. ನಾವು ನಮ್ಮ ನಡವಳಿಕೆಯನ್ನು ಗಮನಿಸಿಯೇ ನಮ್ಮನ್ನು ಅರಿತುಕೊಳ್ಳುತ್ತೇವೆಂದು ಅಮೆರಿಕದ ಮನೋವಿಜ್ಞಾನಿ ಡ್ಯಾರಿಲ್ ಬೆಮ್ 1972ರಲ್ಲಿ ವಿವರಿಸಿದ್ದರು. ನೆದರ್ಲ್ಯಾಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ಎಲೆನ್ ವಾನ್ ಡರ್ ವೆರ್ಫ್, ಲಿಂಡಾ ಸ್ಟೆಗ್ ಮತ್ತು ಸಂಗಡಿಗರು, ಜನರಿಗೆ ಅವರದೇ ಹಿಂದಿನ ಪರಿಸರಸ್ನೇಹಿ ಕೆಲಸಗಳನ್ನು ನೆನಪಿಸಿದಾಗ ಈ ಸ್ವಕಲ್ಪನೆ ಬಲಗೊಳ್ಳುವುದನ್ನು ತೋರಿಸಿದರು. ಎಂದರೆ, ಬಾಳೆಗೆ ನೀರು ಬಿಡುವ ಉದ್ಯೋಗಿಗೆ ಉಪದೇಶಕ್ಕಿಂತ ಆ ಬಾಳೆಯ ಮಾತೇ ಹೆಚ್ಚು ನಾಟೀತು.

ಕಚೇರಿಯಲ್ಲಿ ಆ ಕಲ್ಪನೆ ಮಸುಕಾಗಲು ಕಾರಣಗಳಿವೆ. ವಿದ್ಯುತ್ ಬಿಲ್ಲು ತಮ್ಮದಲ್ಲ. ಸ್ವಿಚ್ ಒತ್ತುವುದು ಅಟೆಂಡರ್ ಕೆಲಸವೆಂಬ ಭಾವನೆ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ಬರೆದ ಹಾಳೆಯ ಹಿಂಬದಿಯನ್ನು ಬಳಸಿದರೆ ಸಹೋದ್ಯೋಗಿಗಳು 'ಜಿಪುಣ' ಎಂದಾರೆಂಬ ಅಳುಕು. ಮೇಲಧಿಕಾರಿಯೇ ಹಾಗೆ ಬಳಸತೊಡಗಿದರೆ ಆ ಅಳುಕು ಬಹುಮಟ್ಟಿಗೆ ಕರಗುತ್ತದೆ.

ಒಂದು ಎಚ್ಚರಿಕೆಯೂ ಬೇಕು. ಸ್ಟೀಲ್ ಬಾಟಲಿ ತಂದವರು ತಮ್ಮ ಪಾಲಿನ ಪುಣ್ಯ ಸಂದಿತೆಂದು ದಿನವಿಡೀ ಎಸಿ ಹಾಕಿಕೊಳ್ಳುವುದೂ ಉಂಟು; ಒಳ್ಳೆಯ ಕೆಲಸವೊಂದು ಮುಂದಿನ ಸಡಿಲಿಕೆಗೆ ಪರವಾನಗಿಯಾಗುವ ಈ ಪ್ರವೃತ್ತಿಯನ್ನು ಸಂಶೋಧಕರು ಗುರುತಿಸಿದ್ದಾರೆ.

[ದೃಶ್ಯ: ಚಹಾದ ಫ್ಲಾಸ್ಕ್, ಕಾಗದದ ಲೋಟಗಳು, ಬೀರುವಿನಲ್ಲಿ ಸ್ಟೀಲ್ ಲೋಟಗಳು.]

ಇನ್ನು ಬೀರುವಿನಲ್ಲಿರುವ ಈ ಸ್ಟೀಲ್ ಲೋಟಗಳು. ಇವನ್ನು ಹೊರತೆಗೆಯಲು ಯಾರ ವ್ಯಕ್ತಿತ್ವವನ್ನೂ ತಿದ್ದಬೇಕಿಲ್ಲ. ತೊಳೆಯುವವರು ಯಾರು, ಅದಕ್ಕೆ ಅವರಿಗೆ ಸಮಯವೆಲ್ಲಿದೆ ಎಂಬುದನ್ನು ಕಚೇರಿಯವರು ಮೊದಲು ಕೂತು ತೀರ್ಮಾನಿಸಬೇಕು.