ಕಂಕುಳ ಗಂಟು ಹೇಳುವ ಸುದ್ದಿ

ಕೇಳುಗರಿಗೆ ನಮಸ್ಕಾರ. ಸೊಪ್ಪು ಬಿಡಿಸುತ್ತಲೋ, ಮಕ್ಕಳ ಡಬ್ಬಿ ಕಟ್ಟುತ್ತಲೋ ರೇಡಿಯೊ ಕೇಳುತ್ತಿರುವ ತಾಯಂದಿರೇ, ಅಕ್ಕತಂಗಿಯರೇ, ಒಂದು ನಿಮಿಷ ಕೆಲಸ ಬಿಟ್ಟು ಕೂತುಕೊಳ್ಳಿ. ಎಡಗೈಯನ್ನು ತೊಡೆಯ ಮೇಲೆ ಸಡಿಲವಾಗಿ ಬಿಡಿ. ಬಲಗೈ ಬೆರಳುಗಳನ್ನು ಎಡ ಕಂಕುಳ ಆಳಕ್ಕೆ ಸೇರಿಸಿ, ಪಕ್ಕೆಲುಬಿಗೆ ಒತ್ತಿ ಹಿಡಿದು ಮೆಲ್ಲಗೆ ಕೆಳಕ್ಕೆ ಜಾರಿಸಿ. ಕೈ ಮೇಲೆತ್ತಬೇಡಿ, ಚರ್ಮ ಬಿಗಿದುಕೊಂಡು ಏನೂ ಸಿಗುವುದಿಲ್ಲ. ಇನ್ನೊಂದು ಕಡೆಯೂ ಹಾಗೇ ನೋಡಿ. ಗಟ್ಟಿಯಾದ ಗಂಟೊಂದು ಸಿಕ್ಕಿತೇ? ಸಿಕ್ಕಿ, ಮುಟ್ಟಿದರೂ ನೋಯುತ್ತಿಲ್ಲವೇ? ಹಾಗಾದರೆ ಈ ವಾರವೇ ವೈದ್ಯರಿಗೆ ತೋರಿಸಿ, ಅದು ಸ್ತನ ಕ್ಯಾನ್ಸರಿನ ಮೊದಲ ಸುದ್ದಿ ಇರಬಹುದು. ಕ್ಯಾನ್ಸರ್ ವೈದ್ಯೆಯಾದ ನಾನು ಹೇಳಬೇಕೆಂದು ಬಂದದ್ದು ಇಷ್ಟೇ.

ಕಂಕುಳಲ್ಲಿ ಇಪ್ಪತ್ತು ಮೂವತ್ತು ದುಗ್ಧಗ್ರಂಥಿಗಳಿವೆ, ಇಂಗ್ಲಿಷಿನಲ್ಲಿ ಲಿಂಫ್ ನೋಡ್ ಅನ್ನುತ್ತಾರೆ. ಅವರೆಕಾಳಿನಂಥವು, ಮೆತ್ತಗೆ ಕೊಬ್ಬಿನಲ್ಲಿ ಹುದುಗಿರುತ್ತವೆ. ನಮ್ಮ ಕಡೆಯ ಸಾಲುಕೆರೆಗಳನ್ನು ನೆನೆಸಿಕೊಳ್ಳಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಸ್ತನದಿಂದಲೂ ತೋಳಿನಿಂದಲೂ ಬಸಿದು ಬರುವ ತಿಳಿನೀರು ಈ ಗ್ರಂಥಿಗಳ ಮೂಲಕ ಹೀಗೆಯೇ ಹರಿಯುತ್ತದೆ. ಪ್ರತಿ ಗ್ರಂಥಿಯಲ್ಲೂ ಬಿಳಿ ರಕ್ತಕಣಗಳು ಕಾದು ಕೂತಿರುತ್ತವೆ. ಕೈಗೆ ಗಾಯವಾಗಿ ಕೀವಾದರೆ ಕಂಕುಳಲ್ಲಿ ಗಂಟು ಕಟ್ಟುವುದು ನಿಮಗೇ ಗೊತ್ತು. ಅದು ಆ ಕಣಗಳು ಸಂಖ್ಯೆ ಹೆಚ್ಚಿಸಿಕೊಂಡು ಹೋರಾಡುವ ಗುರುತು. ಆ ಗಂಟು ನೋಯುತ್ತದೆ, ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಇಳಿಯದೆ, ನೋಯದೆ, ಕಲ್ಲಿನಂತೆ ಕೂತ ಗಂಟೇ ಬೇರೆ.

ಚಿಕ್ಕಬಳ್ಳಾಪುರದ ಕಡೆಯ ಒಬ್ಬ ತಾಯಿ ನನ್ನ ಹತ್ತಿರ ಬಂದಿದ್ದರು. ನಲವತ್ತಾರು ವರ್ಷ, ಎರಡು ಸೀಮೆಹಸು, ಡೇರಿಗೆ ಹಾಲು ಹಾಕುವವರು. ದೀಪಾವಳಿಯ ಎಣ್ಣೆಸ್ನಾನದ ದಿನ ಬಲ ಕಂಕುಳಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು. ಅದರ ಹಿಂದಿನ ವಾರ ಹುಲ್ಲು ಕೊಯ್ಯುವಾಗ ಕುಡುಗೋಲು ತಗುಲಿ ಬೆರಳು ಸೀಳಿತ್ತು. "ಅದರದ್ದೇ ಇರಬೇಕು ಅಂದ್ಕೊಂಡೆ ಮೇಡಂ" ಎಂದರು. ತಪ್ಪು ಲೆಕ್ಕವೇನಲ್ಲ, ನಾನಾಗಿದ್ದರೂ ಮೊದಲು ಹಾಗೇ ಅಂದುಕೊಳ್ಳುತ್ತಿದ್ದೆ. ಬೆರಳಿನ ಗಾಯ ಹತ್ತು ದಿನಕ್ಕೆ ಮಾಯ್ದಿತು. ಗಂಟು ಹೋಗಲಿಲ್ಲ. ಅತ್ತೆ ಬೇವಿನೆಲೆ ಅರೆದು ಕಟ್ಟಿದರು. ಪಕ್ಕದ ಮನೆಯವರು ಸುಣ್ಣ ಬೆಲ್ಲ ಹಚ್ಚಿ ಅಂದರು, ಅದೂ ಆಯಿತು. ಒಬ್ಬ ವೈದ್ಯರು ಐದು ದಿನದ ಮಾತ್ರೆ ಕೊಟ್ಟು ಕಳಿಸಿದರು, ರವಿಕೆ ಸರಿಸಿ ಸ್ತನ ನೋಡಲಿಲ್ಲ. ಸಂಕ್ರಾಂತಿ ಕಳೆಯಿತು. ಮಗಳ ಮದುವೆ ಮಾತುಕತೆ ನಡೆಯುತ್ತಿತ್ತು. "ನೋವಿದ್ದಿದ್ರೆ ಬಂದೇ ಬರ್ತಿದ್ದೆ, ನೋವೇ ಇರಲಿಲ್ಲವಲ್ಲ" ಎಂದರು. ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ, ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಯುಗಾದಿ ಕಳೆದ ಮೇಲೆ ಬಂದರು. ಹುಣಸೆಬೀಜ ಅಡಿಕೆಯಾಗಿತ್ತು, ಪಕ್ಕದಲ್ಲಿ ಇನ್ನೊಂದು ಸೇರಿಕೊಂಡಿತ್ತು. ಅದು ಸ್ತನ ಕ್ಯಾನ್ಸರ್. ಸ್ತನದೊಳಗಿನ ಮೂಲ ಗಡ್ಡೆ ಕಡಲೆಕಾಳಿನಷ್ಟಿತ್ತು, ತುಂಬ ಆಳದಲ್ಲಿ. ಅವರ ಕೈಗೆ ಅದು ಸಿಗುವ ಹಾಗೆಯೇ ಇರಲಿಲ್ಲ. ಮೊದಲು ಸುದ್ದಿ ಕೊಟ್ಟದ್ದು ಕಂಕುಳು. ಕೀಮೋ ಕೊಟ್ಟೆವು, ಆಮೇಲೆ ಶಸ್ತ್ರಚಿಕಿತ್ಸೆ, ರೇಡಿಯೇಷನ್. ಆರು ವರ್ಷವಾಯಿತು, ಈಗಲೂ ಡೇರಿಗೆ ಹಾಲು ಹಾಕುತ್ತಿದ್ದಾರೆ. ಆದರೆ ಗ್ರಂಥಿಗಳನ್ನೆಲ್ಲ ತೆಗೆಯಬೇಕಾಯಿತಾದ್ದರಿಂದ ಬಲಗೈ ಬಾತುಕೊಳ್ಳುತ್ತದೆ. ಕೆರೆಸಾಲು ಇಲ್ಲದ ಮೇಲೆ ನೀರು ಎಲ್ಲಿಗೆ ಹೋಗಬೇಕು? ಬಿಗಿಯಾದ ತೋಳುಚೀಲ ಹಾಕಿಕೊಂಡು ಹಾಲು ಕರೆಯುತ್ತಾರೆ.

ಬೇಗ ಬಂದವರಿಗೆ ಈಗ ಇಷ್ಟೆಲ್ಲ ತೆಗೆಯಬೇಕಾಗಿಲ್ಲ. ನೂರು ವರ್ಷದ ಹಿಂದೆ ಹಾಲ್‌ಸ್ಟೆಡ್ ಎಂಬ ಅಮೆರಿಕದ ಸರ್ಜನ್ನನ ದಾರಿಯೇ ದಾರಿಯಾಗಿತ್ತು. ಸ್ತನ, ಎದೆಯ ಸ್ನಾಯು, ಕಂಕುಳ ಗ್ರಂಥಿ, ಎಲ್ಲವನ್ನೂ ಕೆತ್ತಿ ತೆಗೆಯುತ್ತಿದ್ದರು. ಇಷ್ಟೆಲ್ಲ ಕೆತ್ತುವುದು ಬೇಕೇ ಎಂದು ಬರ್ನಾರ್ಡ್ ಫಿಶರ್ ಎಂಬ ಸರ್ಜನ್ 1971ರಲ್ಲಿ ಪರೀಕ್ಷೆಗೆ ಇಳಿದರು. ಎರಡೂ ಬಗೆಯ ಶಸ್ತ್ರಚಿಕಿತ್ಸೆಯಾದ ಹೆಂಗಸರನ್ನು ಇಪ್ಪತ್ತೈದು ವರ್ಷ ಗಮನಿಸಿ 2002ರಲ್ಲಿ ಫಲಿತಾಂಶ ಕೊಟ್ಟರು. ಅಷ್ಟೆಲ್ಲ ಕೆತ್ತಿದವರಿಗೂ ಕಡಿಮೆ ತೆಗೆದವರಿಗೂ ಆಯಸ್ಸಿನಲ್ಲಿ ವ್ಯತ್ಯಾಸವಿರಲಿಲ್ಲ. ಗ್ರಂಥಿ ಕ್ಯಾನ್ಸರನ್ನು ತಡೆಯುವ ಗೋಡೆಯಲ್ಲ, ಅದು ಎಲ್ಲಿವರೆಗೆ ಬಂದಿದೆ ಎಂದು ತಿಳಿಸುವ ಜಾಗ. ಈಗ ಸ್ತನಕ್ಕೆ ನೀಲಿ ಬಣ್ಣ ಚುಚ್ಚುತ್ತೇವೆ. ಐದು ಹತ್ತು ನಿಮಿಷದಲ್ಲಿ ಮೊದಲ ಕೆರೆ ಯಾವುದೋ ಅದು ನೀಲಿಯಾಗುತ್ತದೆ. ಅಂಥ ಒಂದೆರಡನ್ನೇ ತೆಗೆದು ನೋಡುತ್ತೇವೆ. ಅಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಮುಟ್ಟುವುದಿಲ್ಲ, ಕೈ ಬಾತುಕೊಳ್ಳುವ ತೊಂದರೆ ತೀರ ಕಡಿಮೆ. ಮೊದಲ ಸಲ ಆ ನೀಲಿ ಎಳೆಯ ಜಾಡು ಹಿಡಿದು ಹೋಗಿ ನೀಲಿ ಕಾಳೊಂದನ್ನು ಕಂಡಾಗ ನನಗಾದ ಸಂತೋಷ ಇವತ್ತಿಗೂ ಕಡಿಮೆಯಾಗಿಲ್ಲ.

ನನಗೆ ದಿನವೂ ಬರುವ ಪ್ರಶ್ನೆ ಇನ್ನೊಂದಿದೆ. "ಇಮ್ಯುನಿಟಿ ಕಡಿಮೆಯಾಗಿ ಕ್ಯಾನ್ಸರ್ ಬಂತಾ ಡಾಕ್ಟ್ರೇ, ಯಾವ ಕಷಾಯ ಕುಡೀಲಿ?" ದಯವಿಟ್ಟು ಕೇಳಿ. ನೆಗಡಿಯೂ ಬಾರದ ಗಟ್ಟಿಮುಟ್ಟು ಹೆಂಗಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಅದು ಹೊರಗಿನ ರೋಗಾಣು ಅಲ್ಲ, ನಮ್ಮದೇ ಜೀವಕೋಶ ದಾರಿ ತಪ್ಪಿದ್ದು. ನಮ್ಮವನ ವೇಷದಲ್ಲೇ ಇರುವವನನ್ನು ಕಾವಲುಗಾರ ಹೇಗೆ ಹಿಡಿಯಬೇಕು? ಕೆಲವು ಬಗೆಯ ಸ್ತನ ಕ್ಯಾನ್ಸರಿನಲ್ಲಿ, ಮೈಕ್ರೋಸ್ಕೋಪಿನ ಕೆಳಗೆ, ಗಡ್ಡೆಯ ಸುತ್ತ ರಾಗಿ ಚೆಲ್ಲಿದ ಹಾಗೆ ರಕ್ಷಣಾ ಕಣಗಳು ಮುತ್ತಿಕೊಂಡಿರುವುದು ಕಾಣುತ್ತದೆ. ಅಂಥದ್ದು ಒಳ್ಳೆಯ ಸೂಚನೆ. ಆ ಕಣಗಳಿಗೆ ಹಾಕಿದ ಬ್ರೇಕನ್ನು ಬಿಡಿಸುವ ದಾರಿ ಕಂಡುಹಿಡಿದ ವಿಜ್ಞಾನಿಗಳಾದ ಆಲಿಸನ್ ಮತ್ತು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆ ಜಾತಿಯ ಔಷಧಿ ಈಗ ಕೆಲವು ಸ್ತನ ಕ್ಯಾನ್ಸರಿಗೂ ಇದೆ. ಅದನ್ನು ಯಾರಿಗೆ, ಯಾವಾಗ ಕೊಡಬೇಕೆಂದು ನಿರ್ಧರಿಸುವವರು ವೈದ್ಯರು. ಕಷಾಯ ಕುಡಿಯುತ್ತಾ ತಿಂಗಳು ಕಳೆಯುವುದು ಬೇಡ. ನೋವಿಲ್ಲದ ಗಂಟು ಕಾಯುವುದಿಲ್ಲ.

ಸಮಯ ಮುಗಿಯುತ್ತಾ ಬಂತು, ಕೀಮೋ ತೆಗೆದುಕೊಳ್ಳುತ್ತಿರುವವರಿಗೆ ಒಂದು ಮಾತು. ಆ ದಿನಗಳಲ್ಲಿ ಬಿಳಿ ಕಣಗಳು ನಿಜವಾಗಿಯೂ ಕಡಿಮೆಯಾಗುತ್ತವೆ. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. ಜ್ವರ 100.4 ಡಿಗ್ರಿ ದಾಟಿದರೆ ಮಾತ್ರೆ ನುಂಗಿ ಮಲಗಬೇಡಿ, ಬೆಳಗಾಗಲೆಂದು ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಹೊರಟು ಆಸ್ಪತ್ರೆಗೆ ಬನ್ನಿ, ಕೀಮೋ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಬನ್ನಿ. ನಮಸ್ಕಾರ.